ಗ್ಯಾರಂಟಿ ಇಲ್ಲ ಅನ್ನಲು ಬಾರದ ನನ್ನ ಮೈದುನ

ನನ್ನ ಮೈದುನನ ಕೈಯಲ್ಲಿ ಕೊಡೆ ಕಂಡರೆ ಯಾರೂ ಅದರ ಬಗ್ಗೆ ಮಾತೆತ್ತಬಾರದು. ಎತ್ತಿದರೆ ನಿಂತು ಕೇಳಬೇಕಾಗುತ್ತದೆ. "ಈ ಕೊಡೆ ಕಟಿಂಗ್ ಶಾಪಿನ ಅಣ್ಣಂದು. ಹಿಡಿ ಮುರಿದಿತ್ತು, ಬೇರೆ ಹಿಡಿ ಹಾಕಿದ್ದು ಬೀಗದ ರಿಪೇರಿಯವನು. ತೇಪೆ ಹಾಕಿದ್ದು ನಾನು. ಈ ತೂತು ಮಾತ್ರ ಮೊದಲಿಂದಲೂ ಇತ್ತು, ಅದು ಯಾರದ್ದು ಅಂತ ಗೊತ್ತಿಲ್ಲ" ಎಂದು ಅವನು ಹೇಳಿ ಮುಗಿಸುವ ಹೊತ್ತಿಗೆ ಕೇಳಿದವರು ನೆಂದು ತೊಪ್ಪೆಯಾಗಿರುತ್ತಾರೆ.

ನಗೆಮಾತಿಗೂ ಇದೇ ಕ್ರಮ. "ಇದು ಹಾಲಿನವನು ಹೇಳಿದ್ದು. ಅವನು ಕತ್ತೆ ಅಂದಿದ್ದ, ನಾನು ಒಂಟೆ ಮಾಡ್ಕೊಂಡಿದ್ದೀನಿ" ಎಂದು ಮೊದಲೇ ತಿಳಿಸಿ ಆಮೇಲೆ ಕಥೆ ತೆಗೆಯುತ್ತಾನೆ. ಕೇಳಿದವರು ನಕ್ಕರೆ, "ಹಾಲಿನವನಿಗೆ ಹೇಳ್ತೀನಿ, ಸಂತೋಷಪಡ್ತಾನೆ" ಎನ್ನುತ್ತಾನೆ. ನಗದಿದ್ದರೆ, "ಒಂಟೆದೇ ತಪ್ಪು. ಅದು ನನ್ನದು" ಎನ್ನುತ್ತಾನೆ.

ಪತ್ರಿಕೆಯಲ್ಲಿ ಫೋಟೋದ ಕೆಳಗೆ ಸಣ್ಣ ಅಕ್ಷರದಲ್ಲಿ 'ಚಿತ್ರಕೃಪೆ' ಎಂದು ಹಾಕಿ ಫೋಟೋ ಕೊಟ್ಟವರ ಹೆಸರು ಬರೆದಿರುತ್ತಾರಲ್ಲ, ಅದನ್ನು ನೋಡಿದ ಕಟಿಂಗ್ ಶಾಪಿನವನು ಇವನಿಗೆ ಚಿತ್ರಕೃಪೆ ಎಂದೇ ಹೆಸರಿಟ್ಟ. ಬೀದಿಯೆಲ್ಲ ಹಾಗೇ ಕರೆಯಿತು. ಮೈದುನನಿಗೆ ಕೋಪ ಬರಲಿಲ್ಲ. ಯಾರಾದರೂ "ಏನ್ ಚಿತ್ರಕೃಪೆ, ಆರಾಮಾ?" ಎಂದರೆ, "ಆರಾಮು. ಹೆಸರು ಕಟಿಂಗ್ ಶಾಪಿನ ಅಣ್ಣಂದು" ಎಂದು ಸೇರಿಸುವುದನ್ನು ಮರೆಯುವುದಿಲ್ಲ.

ಮದುವೆಗೆ ಮುಂಚೆ ಹುಡುಗಿಯ ಮನೆಗೆ ಮೊದಲ ಸಲ ಹೋದಾಗಲೂ ಹೀಗೇ ಆಯಿತು. ನಾನೂ ಜೊತೆಗಿದ್ದೆ. ಅವಳ ತಂದೆ ಸುಮ್ಮನಿರಲಾರದೆ "ಅಂಗಿ ಚೆನ್ನಾಗಿದೆಯಪ್ಪ" ಎಂದರು. "ಅಂಗಿ ನಮ್ಮಣ್ಣಂದು. ಪ್ಯಾಂಟು ಪಕ್ಕದ ಮನೆಯವರದು, ಉದ್ದ ಇತ್ತು, ಮಡಚಿ ಹೊಲಿದಿದ್ದು ಅತ್ತಿಗೆ. ಚಪ್ಪಲಿ ಸ್ನೇಹಿತಂದು, ಸಂಜೆ ವಾಪಸ್ ಕೊಡಬೇಕು. ಮೀಸೆ ನಂದೇ" ಎಂದ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು. ಒಳಗಿನಿಂದ ಹುಡುಗಿ ನಕ್ಕಿದ್ದು ಕೇಳಿಸಿತು. ಅವಳೇ ಈಗ ನನ್ನ ವಾರಗಿತ್ತಿ. ಇವತ್ತಿಗೂ ಅವಳು ಹೇಳುವುದು ಒಂದೇ ಮಾತು: "ಆ ಮೀಸೆ ಒಂದನ್ನ ನಂಬ್ಕೊಂಡು ಬಂದೆ ಅಕ್ಕಾ. ಮದುವೆ ಆದ ವಾರಕ್ಕೇ ಬೋಳಿಸಿಬಿಟ್ರು."

ಅವನದು ಕಸೂತಿ ಅಂಗಡಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಸೂತಿ ಮಷೀನು ಒಂದು ಗೋಡೆಗೆ, ಕಂಪ್ಯೂಟರು ಇನ್ನೊಂದು ಗೋಡೆಗೆ, ನಡುವೆ ದಾರದ ಉರುಳೆಗಳ ಮೊಳೆಹಲಗೆ. ಶಾಲೆಯ ಮಕ್ಕಳ ಅಂಗಿಯ ಜೇಬಿನ ಮೇಲೆ ಶಾಲೆಯ ಮುದ್ರೆ, ಲಾಡ್ಜಿನ ಟವೆಲುಗಳ ಮೇಲೆ ಲಾಡ್ಜಿನ ಹೆಸರು, ದಿಂಬಿನ ಚೀಲದ ಮೇಲೆ ಹೂವು, ಇವೇ ಕೆಲಸ. ಮೈದುನ ಮೊದಲು ಕೈಯಲ್ಲೇ ಹೊಲಿಯುತ್ತಿದ್ದ, ಮಷೀನು ಆಮೇಲೆ ಬಂತು. ನಮ್ಮ ಯಜಮಾನರು ಹೋದ ಮೇಲೆ ನಾನೂ ಆ ಕೋಣೆಯ ಕಿಟಕಿ ಪಕ್ಕ ಕತ್ತರಿ ಹಿಡಿದು ಕೂತೆ. ಮಷೀನು ಒಂದು ಅಕ್ಷರ ಹೊಲಿದು ಮುಂದಿನ ಅಕ್ಷರಕ್ಕೆ ಹಾರುವಾಗ ನಡುವೆ ದಾರ ಎಳೆದುಕೊಂಡು ಹೋಗುತ್ತದೆ. ಆ ದಾರವನ್ನು ಒಂದೊಂದಾಗಿ ಕತ್ತರಿಸುವುದು ನನ್ನ ಕೆಲಸ.

ಅಂಗಡಿಯ ವಿಷಯದಲ್ಲಿ ಮೈದುನನಿಗೆ ಒಂದು ಮಾತು ಮಾತ್ರ ಬಾಯಿಗೆ ಬರುವುದಿಲ್ಲ. ಗ್ಯಾರಂಟಿ ಇಲ್ಲ ಎನ್ನುವ ಮಾತು. ಎದುರಿನ ಟೋಪಿ ಅಂಗಡಿಯವನು 'ಮಾರಿದ ಮಾಲಿಗೆ ನಾವು ಜವಾಬ್ದಾರರಲ್ಲ' ಎಂದು ದೊಡ್ಡದಾಗಿ ಬೋರ್ಡು ತೂಗುಹಾಕಿದ್ದಾನೆ. ಊರಿಗೆಲ್ಲ ಟೋಪಿ ಹಾಕುವುದೇ ಅವನ ಉದ್ಯೋಗ, ಅವನಿಗೆ ಆ ಬೋರ್ಡು ಒಪ್ಪುತ್ತದೆ. ನಮ್ಮವನು ಟವೆಲು ಕೊಡುವಾಗ, "ಒಂದು ಎಳೆ ಬಿಟ್ರೂ ಹೇಳಿ ಕಳಿಸಿ, ನಾನೇ ಬರ್ತೀನಿ" ಎನ್ನುತ್ತಾನೆ. ಹೋಗಿಯೂ ಹೋಗುತ್ತಾನೆ. ಒಮ್ಮೆ ಲಾಡ್ಜಿನಲ್ಲಿ ಯಾರೋ ಅತಿಥಿ ಸ್ನಾನಕ್ಕೆ ಹೋಗಿದ್ದಾಗ ಬಚ್ಚಲ ಬಾಗಿಲಲ್ಲಿ ಸೂಜಿ ಹಿಡಿದು ನಿಂತು, "ಟವೆಲ್ ಒಂಚೂರು ಈಚೆ ಕೊಡ್ತೀರಾ, ಎಳೆ ಬಿಟ್ಟಿದೆಯಂತೆ" ಎಂದು ಕೇಳಿದವನು ಅವನು.

ಕಂಪ್ಯೂಟರು ನೋಡಿಕೊಳ್ಳುವುದು ಅವನ ಮಗಳು. ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಿದರೆ ಸಾಲದು, ಅದನ್ನು ಹೊಲಿಗೆಗಳಾಗಿ ಮಾಡಿ ಮಷೀನಿಗೆ ಉಣ್ಣಿಸಬೇಕು. ಆ ಕೆಲಸ ಮಾಡುವ ಸಾಫ್ಟ್‌ವೇರ್ ಒಂದನ್ನು ಅವಳು ಎಲ್ಲಿಂದಲೋ ಇಳಿಸಿಕೊಂಡು ಬಂದಳು. ಅದನ್ನು ಬರೆದವರು ದೂರದ ಯಾವುದೋ ದೇಶದವರು. ನಾವು ಅವರನ್ನು ಮನೆಯಲ್ಲಿ 'ಮೂಲದವರು' ಎನ್ನುತ್ತೇವೆ.

"ಎಷ್ಟು ಕೊಟ್ಟೆ?" ಎಂದು ಮೈದುನ ಕೇಳಿದ.

"ಏನೂ ಇಲ್ಲ ಅಪ್ಪಾ."

"ಹಾಗಾದ್ರೆ ಕದ್ದದ್ದಾ?"

"ಅಯ್ಯೋ, ಅವರೇ ಕೊಟ್ಟಿರೋದು. ಯಾರು ಬೇಕಾದ್ರೂ ತಗೋಬಹುದು, ಒಳಗೆ ಬಿಚ್ಚಿ ನೋಡಬಹುದು, ಬದಲಾಯಿಸಬಹುದು, ಬೇರೆಯವರಿಗೂ ಕೊಡಬಹುದು. ಕೊಡೋವಾಗ ಮಾತ್ರ ಒಂದಿಷ್ಟು ಕಟ್ಟಳೆ ಇದೆ. ಅವರ ಹೆಸರು ತೆಗೀಬಾರದು. ನಾವೇನಾದ್ರೂ ಬದಲಾಯಿಸಿದ್ರೆ ಇಂಥದ್ದನ್ನ ನಾವು ಬದಲಾಯಿಸಿದ್ವಿ ಅಂತ ಬರೀಬೇಕು. ಒಳಗಿನ ಬರಹನ ಮುಚ್ಚಿಡದೆ ಕೊಡಬೇಕು. ಮತ್ತೆ ಈ ಲೈಸೆನ್ಸ್ ಪತ್ರ ಇದೆಯಲ್ಲ, ಇದನ್ನ ಇದ್ದ ಹಾಗೇ ಜೊತೆಗಿಡಬೇಕು."

ಮೈದುನ ಕುರ್ಚಿಯಿಂದ ಎದ್ದೇಬಿಟ್ಟ. "ಕೇಳಿದ್ರಾ ಅತ್ತಿಗೆ! ಇಷ್ಟು ವರ್ಷ ನಾನು ಬಡ್ಕೊಂಡಿದ್ದೂ ಇದೇ ಅಲ್ವಾ? ಕೊಡೆ ಕೊಡೋವಾಗ ಹಿಡಿ ಯಾರದ್ದು ಅಂತ ಹೇಳಿ ಕೊಡಿ ಅಂತ!"

"ನೀನು ಹೇಳಿದ್ರೆ ಜನ ಓಡಿಹೋಗ್ತಾರೆ ಕಣಪ್ಪ. ಅವರು ಹೇಳಿದ್ರೆ ಲೈಸೆನ್ಸು" ಎಂದೆ.

ಅವತ್ತಿನಿಂದ ಮೂಲದವರು ಎಂದರೆ ಅವನಿಗೆ ಒಡಹುಟ್ಟಿದವರಿಗಿಂತ ಹೆಚ್ಚು.

ಆ ಸಾಫ್ಟ್‌ವೇರಿನಲ್ಲೂ ನಡುವಿನ ದಾರದ ತೊಂದರೆ ಇತ್ತು. ಕೈಕಸೂತಿಯಲ್ಲಿ ಮೈದುನ ಒಂದು ದಳದಿಂದ ಇನ್ನೊಂದು ದಳಕ್ಕೆ ಹೋಗುವಾಗ ದಾರವನ್ನು ಹೂವಿನ ಕೆಳಗೇ ನುಸುಳಿಸಿಕೊಂಡು ಹೋಗುತ್ತಾನೆ, ಮೇಲೆ ಕಾಣುವುದಿಲ್ಲ. ಅವನು ಬಟ್ಟೆಯ ಮೇಲೆ ತೋರಿಸುತ್ತಾ ಹೋದ, ಮಗಳು ಅದನ್ನೇ ಸಾಫ್ಟ್‌ವೇರಿನೊಳಗೆ ಬರೆಯುತ್ತಾ ಹೋದಳು. ಕೆಲವು ವಾರ ಇಬ್ಬರೂ ಜಗಳವಾಡಿ ಕೊನೆಗೆ ಗೆದ್ದರು. ಮಷೀನು ದಾರವನ್ನು ತಾನೇ ಅಡಗಿಸತೊಡಗಿತು. ನನ್ನ ಕತ್ತರಿ ಡಬ್ಬಿ ಸೇರಿತು. ನಾನು ಕಿಟಕಿ ಪಕ್ಕ ಸುಮ್ಮನೆ ಕೂತು ಬೀದಿ ನೋಡುವವಳಾದೆ.

ಸುದ್ದಿ ತಿಳಿದು ಟೋಪಿ ಅಂಗಡಿಯವನೂ ರಜಾಯಿ ಅಂಗಡಿಯ ಅಮ್ಮನೂ ನಮ್ಮ ಕಸೂತಿ ಮಷೀನಿಗೂ ಕೊಡಿ ಎಂದು ಬಂದರು. ಕೊಡುವುದೆಂದರೆ ಮೈದುನನಿಗೆ ಹಬ್ಬ. ಏನೇನು ಬರೆಯಬೇಕೆಂದು ಮಗಳನ್ನು ಕೂರಿಸಿಕೊಂಡು ಹೇಳಿದ: "ಮೂಲ, ಮೂಲದವರದ್ದು. ಬದಲಾಯಿಸಿದ್ದು ನನ್ನ ಮಗಳು. ದಾರ ಅಡಗಿಸೋ ಉಪಾಯ ನನ್ನ ಗುರುಗಳದ್ದು, ಅವರು ತೀರಿಕೊಂಡ್ರು. ಕಂಪ್ಯೂಟರ್ ಕುರ್ಚಿ ಕಟಿಂಗ್ ಶಾಪಿನಿಂದ. ಚಹಾ ನನ್ನ ಹೆಂಡತಿ."

"ಕುರ್ಚಿ ಯಾಕಪ್ಪಾ?"

"ಕುರ್ಚಿ ಇಲ್ದೇ ನಿಂತ್ಕೊಂಡು ಬರೀತಿದ್ಯಾ?"

ಅವಳು ಬರೆದಳು. ಆಮೇಲೆ ಲೈಸೆನ್ಸ್ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದಳು. ಕೊನೆಯ ಭಾಗಕ್ಕೆ ಬಂದಾಗ ಮೈದುನ ಪರದೆ ನೋಡಿ, "ಇಲ್ಲಿ ಯಾಕಮ್ಮ ಅಕ್ಷರ ಎಲ್ಲ ಇಷ್ಟು ದಪ್ಪ? ಕಿರುಚ್ತಿದ್ದಾರಾ?" ಎಂದು ಕೇಳಿದ.

"ಅದು ಹಾಗೇ ಬರೆಯೋದು ಅಪ್ಪಾ. ಇದಕ್ಕೆ ಯಾವ ಗ್ಯಾರಂಟಿನೂ ಇಲ್ಲ, ಕೆಟ್ರೆ ಕೆಡ್ತು, ನಿಮಗೇನಾದ್ರೂ ನಷ್ಟ ಆದ್ರೆ ನಾನು ಹೊಣೆ ಅಲ್ಲ ಅಂತ."

ಮೈದುನನ ಮುಖ ಸಪ್ಪಗಾಯಿತು. "ಇಷ್ಟು ಒಳ್ಳೆಯವರು ಹೀಗೆ ಅಂದಿರಲಿಕ್ಕಿಲ್ಲ. ಊಟಕ್ಕೆ ಕರೆದು ಬಾಗಿಲಲ್ಲಿ, ಹೊಟ್ಟೆ ನೋವು ಬಂದ್ರೆ ನನ್ನ ಕೇಳಬೇಡಿ ಅಂತ ಬೋರ್ಡ್ ಹಾಕಿದ ಹಾಗಿದೆ. ಯಾವನೋ ವಕೀಲ ಸೇರಿಸಿರ್ತಾನೆ."

"ಯಾರೇ ಸೇರಿಸಿರಲಿ, ಅದನ್ನ ಮುಟ್ಟಬೇಡಿ" ಎಂದು ಹೇಳಿ ಮಗಳು ಶಾಲೆಗೆ ಅಂಗಿಗಳನ್ನು ತಲುಪಿಸಲು ಹೋದಳು.

ಅವನು ಮುಟ್ಟಿದ. ನಾನು ಅಲ್ಲೇ ಇದ್ದೆ. ಒಂದೇ ಬೆರಳಲ್ಲಿ, ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದ. ಏನು ಮಾಡುತ್ತಿದ್ದೀಯಾ ಎಂದು ಕೇಳಿದ್ದಕ್ಕೆ, "ಮೂಲದವರಿಗೆ ಕೆಟ್ಟ ಹೆಸರು ಬರಬಾರದು ಅತ್ತಿಗೆ. ಒಂಚೂರು ಇಸ್ತ್ರಿ ಹಾಕ್ತಿದ್ದೀನಿ" ಎಂದ.

ಮೈದುನನಿಗೆ ಬರುವ ಇಂಗ್ಲಿಷು ಅವನು ಹೊಲಿದ ಇಂಗ್ಲಿಷು ಮಾತ್ರ. ಲಾಡ್ಜಿನ ಟವೆಲು, ಲಾಡ್ಜಿನ ಹುಡುಗರ ಅಂಗಿ, ಶಾಲೆಯ ಜೇಬು, ದಿಂಬಿನ ಚೀಲ, ಇವುಗಳ ಮೇಲಿದ್ದ ಮಾತುಗಳನ್ನು ಅವನು ಕಣ್ಣು ಮುಚ್ಚಿಕೊಂಡೂ ಬರೆಯಬಲ್ಲ. ಆ ದಪ್ಪ ಅಕ್ಷರದ ಭಾಗವನ್ನು ಪೂರ್ತಿ ಅಳಿಸಿ ಅಲ್ಲಿ ಹೀಗೆ ಹಾಕಿದ: 'ವೆಲ್ಕಮ್. ಎನಿ ಪ್ರಾಬ್ಲಮ್, ರೂಮ್ ಸರ್ವಿಸ್. ಡೇ ಅಂಡ್ ನೈಟ್. ಆಲ್ ಫ್ಲೋರ್ಸ್. ನಾಲೆಡ್ಜ್ ಈಸ್ ಲೈಟ್. ಸ್ವೀಟ್ ಡ್ರೀಮ್ಸ್.' ಅದರ ಕೆಳಗೆ ಮೂಲದವರ ಹೆಸರಿತ್ತು. ಹೆಸರು ತೆಗೆಯುವುದು ಮಹಾಪಾಪವಲ್ಲವೇ, ಅದನ್ನು ಹಾಗೇ ಬಿಟ್ಟ.

ಮಗಳು ಬಂದವಳು ಮತ್ತೆ ತೆರೆದು ನೋಡಲಿಲ್ಲ. ಬೀದಿಯವರಿಗೆ ಕೊಟ್ಟಾಯಿತು. ಎಲ್ಲರೂ ತಗೊಳ್ಳಲಿ ಎಂದು ಮೂಲದವರ ವಿಳಾಸದ ಜೊತೆಗೇ ಅವಳು ಅದನ್ನು ಇಂಟರ್‌ನೆಟ್ಟಿನಲ್ಲೂ ಇಟ್ಟಳು. ದಾರ ಅಡಗುವ ಉಪಾಯ ಎಲ್ಲರಿಗೂ ಹಿಡಿಸಿತು. ಎಲ್ಲೆಲ್ಲಿಯವರೋ ಇಳಿಸಿಕೊಂಡರಂತೆ.

ಸ್ವಲ್ಪ ಕಾಲ ಕಳೆದ ಮೇಲೆ ಒಂದು ಬೆಳಗ್ಗೆ ಮಗಳು ಕಂಪ್ಯೂಟರಿನ ಮುಂದೆ ಕೂತವಳು, "ಅಪ್ಪಾ, ರೂಮ್ ಸರ್ವಿಸ್ ಅಂದ್ರೇನು?" ಎಂದಳು. ಅವಳ ದನಿ ಕೇಳಿಯೇ ವಾರಗಿತ್ತಿ ಒಲೆ ಆರಿಸಿ ಬಂದಳು.

ಮೂಲದವರಿಂದ ಪತ್ರ ಬಂದಿತ್ತು. ಮಗಳು ಅದನ್ನು ಕನ್ನಡ ಮಾಡಿ ಓದಿದಳು. ಅವಳು ಓದಿದ ಹಾಗೇ ಬರೆಯುತ್ತಿದ್ದೇನೆ. 'ನಮಸ್ಕಾರ. ನೀವು ದಾರ ಅಡಗಿಸಿರುವ ರೀತಿ ಬಹಳ ಚೆನ್ನಾಗಿದೆ. ನನ್ನ ಹೆಸರನ್ನು ಉಳಿಸಿದ್ದೀರಿ, ಕುರ್ಚಿಗೂ ಕೃತಜ್ಞತೆ ಹೇಳಿದ್ದೀರಿ, ಇಂಥದ್ದನ್ನು ನಾನು ಹಿಂದೆ ಕಂಡಿಲ್ಲ. ಆದರೆ ಈಚೆಗೆ ನನಗೆ ಗುರುತಿಲ್ಲದ ಜನ ಪತ್ರ ಬರೆಯುತ್ತಿದ್ದಾರೆ. ಒಬ್ಬರು ಸೂಜಿ ಮುರಿದಿದೆ, ಮೂರನೇ ಮಹಡಿಗೆ ಬನ್ನಿ ಎಂದಿದ್ದಾರೆ. ಇನ್ನೊಬ್ಬರು ಹೇಗೂ ಬರುತ್ತೀರಲ್ಲ, ಎರಡು ಕಾಫಿ ತನ್ನಿ ಎಂದಿದ್ದಾರೆ. ನನ್ನ ಹೆಸರಿನ ಮೇಲಿರುವ ಮಾತುಗಳು ನನ್ನವಲ್ಲ. ಸಾಫ್ಟ್‌ವೇರನ್ನು ಬದಲಾಯಿಸಬಹುದು, ಲೈಸೆನ್ಸನ್ನು ಬದಲಾಯಿಸುವಂತಿಲ್ಲ. ಬದಲಾಯಿಸಿದವರಿಗೆ ಅದನ್ನು ಹಂಚುವ ಹಕ್ಕು ಹೋಗುತ್ತದೆ. ಒಂದು ತಿಂಗಳೊಳಗೆ ಸರಿಮಾಡಿದರೆ ಹಕ್ಕು ಉಳಿಯುತ್ತದೆ. ದಯವಿಟ್ಟು ಸರಿಮಾಡಿ. ನಾನು ಮಕ್ಕಳಿಗೆ ಈಜು ಕಲಿಸುವ ಮನುಷ್ಯ, ಲಾಡ್ಜಿನವನಲ್ಲ.'

ವಾರಗಿತ್ತಿ ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನಮ್ಮ ಮಷೀನಲ್ಲಿ ಓಡಿಸೋಕೆ ಅಡ್ಡಿ ಏನಿಲ್ಲ ಅಪ್ಪಾ. ಇನ್ನೊಬ್ಬರಿಗೆ ಕೊಡೋ ಹಾಗಿಲ್ಲ ಅಷ್ಟೇ" ಎಂದಳು ಮಗಳು ಸಮಾಧಾನಕ್ಕೆ.

"ಕೊಡೋ ಹಾಗಿಲ್ಲ ಅಂದ್ಮೇಲೆ ಇನ್ನೇನಮ್ಮ ಉಳೀತು?" ಎಂದ ಮೈದುನ. ಪರದೆಯತ್ತ ಬೆರಳು ತೋರಿಸಿ, "ಅವರ ಬಾಯಲ್ಲಿ ನನ್ನ ಮಾತು ತುರುಕಿಬಿಟ್ಟೆ. ಕತ್ತೆನ ಒಂಟೆ ಮಾಡಿ ಹಾಲಿನವನು ಹೇಳಿದ್ದು ಅಂದ ಹಾಗಾಯ್ತು" ಎಂದ. ಇದಕ್ಕಿಂತ ದೊಡ್ಡ ಪಾಪ ಅವನ ಲೆಕ್ಕದಲ್ಲಿ ಇಲ್ಲ. ಮಷೀನಿಗೆ ಬಟ್ಟೆ ಹೊದಿಸಿದ. ಲಾಡ್ಜಿನ ಟವೆಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೈಯಲ್ಲೇ ಹೊಲಿಯಲು ಕೂತ. ಸರಿಮಾಡುವ ತನಕ ಆ ಸಾಫ್ಟ್‌ವೇರಿನಿಂದ ಒಂದು ಹೊಲಿಗೆಯನ್ನೂ ಹಾಕುವುದಿಲ್ಲ ಎಂದ.

"ಓಡಿಸಬಹುದು ಅಂತ ಅವಳೇ ಹೇಳ್ತಿದ್ದಾಳಲ್ರೀ!" ಎಂದಳು ವಾರಗಿತ್ತಿ.

"ಲೈಸೆನ್ಸು ಬಿಡುತ್ತೆ. ಮನಸ್ಸು ಬಿಡಲ್ಲ."

ಮಗಳು ಹಳೆಯ ಪತ್ರವನ್ನು ಒಂದಕ್ಷರ ಬಿಡದೆ ಮತ್ತೆ ಹಾಕಿ ಹೊಸ ಪ್ರತಿ ಮಾಡಿದಳು. ಇಂಟರ್‌ನೆಟ್ಟಿನಲ್ಲಿ ಇಟ್ಟಿದ್ದನ್ನು ಬದಲಾಯಿಸುವುದು ಸುಲಭವಾಯಿತು. ಕಷ್ಟವಾದದ್ದು ಬೀದಿಯಲ್ಲಿ. ಮೈದುನ ಮಗಳನ್ನು ಕರೆದುಕೊಂಡು ಹೊರಟ. ಏನು ಬೇಕಾದರೂ ಆಗಬಹುದು ಎಂದು ನಾನೂ ಹಿಂದೆ ಹೋದೆ.

ಟೋಪಿ ಅಂಗಡಿಯವನು ಹೊಸ ಪತ್ರ ಓದಿಸಿ ಕೇಳಿ, "ಇದೇನು ಚಿತ್ರಕೃಪೆ, ಗ್ಯಾರಂಟಿ ಇಲ್ಲ ಅಂತಿದೆ?" ಎಂದ.

"ಮೊದಲಿಂದಲೂ ಇದ್ದದ್ದೇ ಅದು. ನಾನೇ ತಪ್ಪು ಬರೆದಿದ್ದೆ. ಹೊಸದನ್ನ ಹಾಕ್ಕೊಳ್ಳಿ."

"ಬೇಡಪ್ಪ. ನನಗೆ ರೂಮ್ ಸರ್ವಿಸ್ ಇರೋದೇ ಇರಲಿ."

"ನಿಮ್ಮ ಬಾಗಿಲಲ್ಲೇ ಜವಾಬ್ದಾರರಲ್ಲ ಅಂತ ಬೋರ್ಡ್ ಇದೆಯಲ್ಲಣ್ಣ!"

"ಅದು ನಾನು ಕೊಡೋವಾಗ. ತಗೊಳ್ಳೋವಾಗ ನನಗೆ ಗ್ಯಾರಂಟಿ ಬೇಕು."

ರಜಾಯಿ ಅಂಗಡಿಯ ಅಮ್ಮ ಇನ್ನೂ ಖಡಕ್ಕು. "ಕೊಟ್ಟ ಮಾತು ವಾಪಸ್ ತಗೊಳ್ಳೋಕೆ ಬಂದ್ಯಾ? ನಾಚಿಕೆ ಆಗಲ್ವಾ? ಬೆಳಿಗ್ಗೆಯಿಂದ ನನ್ನ ಮಷೀನು ಹೂವಿನ ಬದಲು ಎಲೆಕೋಸು ಹೊಲೀತಿದೆ. ಮೊದಲು ಅದನ್ನ ಸರಿಮಾಡು, ಆಮೇಲೆ ನಿನ್ನ ಲೈಸೆನ್ಸು" ಎಂದು ಒಳಗೆ ಕರೆದಳು. ಮೈದುನ ಒಳಗೆ ಹೋಗಿ ಬಟ್ಟೆ ಹಿಡಿಯುವ ಫ್ರೇಮು ಬಿಗಿ ಮಾಡಿ ಎಲೆಕೋಸನ್ನು ಹೂವು ಮಾಡಿಕೊಟ್ಟು ಬಂದ. ಅವಳು ಆಗಲೂ ಒಪ್ಪಲಿಲ್ಲ. "ನೋಡು, ರೂಮ್ ಸರ್ವಿಸ್ ಎಷ್ಟು ಚೆನ್ನಾಗಿದೆ. ಇದನ್ಯಾಕೆ ಬಿಡಲಿ?" ಎಂದಳು.

ಮನೆಗೆ ಬಂದು ಮೈದುನ ಮಷೀನಿನ ಪಕ್ಕ ಕುಸಿದು ಕೂತ. ಇತ್ತ ಮೂಲದವರು ತೆಗೆ ಎನ್ನುತ್ತಾರೆ, ಅತ್ತ ಬೀದಿಯವರು ತೆಗೆದರೆ ಜೋಕೆ ಎನ್ನುತ್ತಾರೆ. ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆ ಅವನು. ದಿನಗಳು ಕಳೆಯುತ್ತಿದ್ದವು. ಲಾಡ್ಜಿನವರು ಟವೆಲು ಎಲ್ಲಿ ಎಂದು ಆಳು ಕಳಿಸುತ್ತಿದ್ದರು.

ಮಗಳು ಲೈಸೆನ್ಸ್ ಪತ್ರ ತೆರೆದುಕೊಂಡು ಮತ್ತೆ ನಿಧಾನವಾಗಿ ಓದುತ್ತಾ ಹೋದಳು. ಒಂದು ಕಡೆ ನಿಂತಳು. "ಅಪ್ಪಾ, ಇಲ್ಲಿ ಕೇಳಿ. ಮೂಲದವರ ಹೆಸರಲ್ಲಿ ಗ್ಯಾರಂಟಿ ಕೊಡೋ ಹಾಗಿಲ್ಲ. ಆದ್ರೆ ಹಂಚೋವನಿಗೆ ಅಷ್ಟೊಂದು ಆಸೆ ಇದ್ರೆ ಅವನ ಹೆಸರಲ್ಲಿ ಅವನು ಕೊಟ್ಕೋಬಹುದಂತೆ. ಬೇರೆ ಕಾಗದದಲ್ಲಿ."

ಮೈದುನನ ಕಿವಿ ನೆಟ್ಟಗಾಯಿತು. "ಅಂದ್ರೆ ರೂಮ್ ಸರ್ವಿಸ್ ನಂದು ಅಂತ ಬರೆದ್ರೆ ಸರಿಯಾ?"

"ಸರಿ."

"ರೀ!" ಎಂದಳು ವಾರಗಿತ್ತಿ. "ಜಗತ್ತಿಗೆಲ್ಲ ಹಗಲೂ ರಾತ್ರಿ ಎಲ್ಲಾ ಮಹಡಿಗೂ ಹೋಗ್ತೀನಿ ಅಂತ ಬರ್ಕೊಡ್ತೀರಾ? ನಮ್ಮ ಮನೆ ನಲ್ಲಿ ಸೋರ್ತಿದೆಯಲ್ಲ, ಅದಕ್ಕೆ ಯಾವ ಸರ್ವಿಸ್ಸು?"

"ನಲ್ಲಿ ನಾನು ಬದಲಾಯಿಸಿದ್ದಲ್ಲ ಕಣೇ. ಅದು ಕೊಳಾಯಿಯವನದ್ದು."

ಕೊನೆಗೆ ಮೂವರೂ ಎಳೆದಾಡಿ ಎರಡು ಕಾಗದ ಮಾಡಿದರು. ಮೊದಲನೆಯದು ಮೂಲದವರ ಪತ್ರ, ದಪ್ಪ ಅಕ್ಷರದ ಕಿರುಚಾಟ ಸಮೇತ, ಇದ್ದ ಹಾಗೇ. ಅದರಿಂದ ಬೇರೆಯಾಗಿ ಮೈದುನನ ಕಾಗದ: 'ಹಿಂದಿನ ಪ್ರತಿಯಲ್ಲಿದ್ದ ರೂಮ್ ಸರ್ವಿಸ್ ಮೂಲದವರ ಮಾತಲ್ಲ, ನನ್ನದು. ಅವರನ್ನು ಯಾರೂ ಕರೆಯಬೇಡಿ, ಕಾಫಿಯನ್ನಂತೂ ಕೇಳಲೇಬೇಡಿ. ನಮ್ಮ ಬದಲಾವಣೆಯಿಂದ ಹೊಲಿಗೆ ಕೆಟ್ಟರೆ ಬಟ್ಟೆಯನ್ನು ನನಗೆ ಕಳಿಸಿ, ಬಿಚ್ಚಿ ಕೈಯಲ್ಲಿ ಸರಿಮಾಡಿ ಕಳಿಸುತ್ತೇನೆ. ಎಲ್ಲ ಮಹಡಿಗಳಿಗೂ.' ಮಹಡಿ ತೆಗೆಯಿರಿ ಎಂದು ವಾರಗಿತ್ತಿ ಎಷ್ಟು ಹೇಳಿದರೂ ಅವನು ಕೇಳಲಿಲ್ಲ. ಹಗಲು ರಾತ್ರಿ ಎನ್ನುವುದನ್ನು ಮಾತ್ರ ಅವಳೇ ಮುಂದೆ ನಿಂತು ತೆಗೆಸಿದಳು.

ರಜಾಯಿ ಅಂಗಡಿಯ ಅಮ್ಮ ಎರಡು ಕಾಗದಗಳನ್ನೂ ಕೇಳಿ, "ಇಷ್ಟೇನಾ? ಮೊದಲೂ ನೀನೇ ಬರ್ತಿದ್ದೆ, ಈಗಲೂ ನೀನೇ ಬರ್ತೀಯಾ" ಎಂದು ಹೊಸದನ್ನು ಹಾಕಿಸಿಕೊಂಡಳು. ಟೋಪಿ ಅಂಗಡಿಯವನೂ ಹಾಕಿಸಿಕೊಂಡ. ಗಡುವು ಮುಗಿಯುವ ಮುಂಚೆಯೇ ಮಗಳು ಮೂಲದವರಿಗೆ ಬರೆದಳು. 'ನೋಡಿದೆ. ಎಲ್ಲ ಸರಿಯಾಗಿದೆ. ಇನ್ನು ಧಾರಾಳವಾಗಿ ಹಂಚಿ' ಎಂದು ಉತ್ತರ ಬಂತು. ಮೈದುನ ಅದನ್ನು ಓದಿಸಿ ಓದಿಸಿ ಕೇಳಿ, ಮಷೀನಿನ ಮೇಲಿನ ಬಟ್ಟೆ ತೆಗೆದ. ಅವತ್ತು ಲಾಡ್ಜಿನ ಟವೆಲುಗಳೆಲ್ಲ ಮುಗಿದವು.

ಇಷ್ಟಕ್ಕೇ ಮುಗಿಯಿತು ಎಂದುಕೊಂಡಿದ್ದೆವು. ಮೊನ್ನೆ ಅಂಚೆಯಲ್ಲಿ ಒಂದು ಪೊಟ್ಟಣ ಬಂತು. ಮಗಳು ಬಿಚ್ಚಿದಳು. ಒಳಗೆ ಒಂದು ಪುಟ್ಟ ಟವೆಲು, ಅದರ ಮೇಲೆ ಹಳದಿ ಬಾತುಕೋಳಿ. ಈಜು ಕಲಿಯುವ ಮಕ್ಕಳ ಟವೆಲುಗಳು ಅದಲು ಬದಲಾಗಬಾರದು ಎಂದು ಮೂಲದವರು ಒಂದೊಂದಕ್ಕೂ ಒಂದೊಂದು ಪ್ರಾಣಿಯನ್ನು ಹೊಲಿಯುತ್ತಾರಂತೆ. ಆ ಬಾತುಕೋಳಿಯ ಕೊಕ್ಕು ಮುದುರಿ ಮುದುರಿ, ಹಲ್ಲು ಬಿದ್ದ ಮುದುಕಿಯ ಬಾಯಿಯ ಹಾಗಾಗಿತ್ತು. ಜೊತೆಗೊಂದು ಚೀಟಿ. ಮಗಳು ಓದಿದಳು: 'ನೀವು ಬದಲಾಯಿಸಿದ ಪ್ರತಿಯನ್ನೇ ಈಗ ನಾನೂ ಬಳಸುತ್ತಿದ್ದೇನೆ. ಕೊಕ್ಕು ಹೀಗೆ ಬಂತು. ನಿಮ್ಮ ಕಾಗದದಲ್ಲಿ ಎಲ್ಲ ಮಹಡಿಗಳಿಗೂ ಎಂದಿದೆ. ನಾನು ನೆಲಮಹಡಿಯಲ್ಲಿದ್ದೇನೆ.'

ಮೈದುನ ಟವೆಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ಆ ಮುಖ ನೋಡಬೇಕಿತ್ತು. ಊಟಕ್ಕೆ ಕರೆದರೂ ಏಳಲಿಲ್ಲ. ಮುದುರಿದ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿ, ಕೈಯಲ್ಲಿ ಹೊಸ ಕೊಕ್ಕು ಹೊಲಿದ. ಹಾಗೆ ಕೊಕ್ಕು ಮುದುರಲು ಕಾರಣವೇನೆಂದು ಮಗಳು ಸಾಫ್ಟ್‌ವೇರಿನಲ್ಲಿ ಹುಡುಕಿ ಅದನ್ನೂ ಸರಿಮಾಡಿದಳು. ನಡುವೆ ಒಮ್ಮೆ ಮೈದುನ ತಲೆಯೆತ್ತಿ, "ಅತ್ತಿಗೆ, ಡಬ್ಬಿಯಿಂದ ನಿಮ್ಮ ಕತ್ತರಿ ತೆಗೀರಿ. ಇಲ್ಲಿ ಒಂದು ಎಳೆ ಉಳಿದಿದೆ, ನನ್ನ ಕಣ್ಣಿಗೆ ಹತ್ತಲ್ಲ" ಎಂದ. ನಾನು ತೆಗೆದು ಕತ್ತರಿಸಿದೆ.

ಪೊಟ್ಟಣದಲ್ಲಿ ಅವನು ಇಟ್ಟು ಕಳಿಸಿದ ಚೀಟಿ ಹೀಗಿದೆ. 'ಬಾತುಕೋಳಿ ನಿಮ್ಮದು. ಕೊಕ್ಕು ನನ್ನದು. ಹಳದಿ ದಾರ ನಿಮ್ಮ ಟವೆಲಿನದ್ದೇ, ಕಿತ್ತಳೆ ದಾರ ರಜಾಯಿ ಅಂಗಡಿಯ ಅಮ್ಮನದು. ಪೊಟ್ಟಣ ಕಟ್ಟಿದ್ದು ನನ್ನ ಹೆಂಡತಿ, ಬೈದುಕೊಂಡು. ಕೊನೆಯ ಎಳೆ ಕತ್ತರಿಸಿದ್ದು ನಮ್ಮ ಅತ್ತಿಗೆ.'